ಸ್ಪ್ರೇಯರ್ ಎಂಜಿನ್‌ನ ಪುಶ್ ರಾಡ್ ಬದಲಿಸುವುದು ಹೇಗೆ?

ಜೂನ್ ಮೊದಲ ವಾರ. ಮೈಲುತುತ್ತ ಕರಗಿಸಿಟ್ಟಾಗಿದೆ, ಸುಣ್ಣ ಸೋಸಿಟ್ಟಾಗಿದೆ, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಬಂದು ಅಂಗಳದಲ್ಲಿ ನಿಂತಿದ್ದಾರೆ. ಮಳೆ ಹಿಡಿಯುವ ಮೊದಲು ತೋಟಕ್ಕೆ ಒಂದು ಸುತ್ತು ಔಷಧಿ ಹೊಡೆದು ಮುಗಿಸಬೇಕು. ಆದರೆ ಸ್ಪ್ರೇಯರ್ ಎಂಜಿನ್ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್‌ನಲ್ಲಿ ಕಿಡಿ ಇದೆ, ಪೆಟ್ರೋಲ್ ಬರುತ್ತಿದೆ. ಹಗ್ಗ ಎಳೆದರೆ ಮಾತ್ರ ಎಂದಿನ ಬಿಗಿ ಇಲ್ಲ. ಇಲ್ಲವೇ ಕಾರ್ಬ್ಯುರೇಟರ್ ಕಡೆಯಿಂದ ಪಟ್ ಪಟ್ ಎಂದು ಉಗುಳುತ್ತದೆ.

ಹೀಗಾದರೆ ವಾಲ್ವ್ ಕವರ್ ಬಿಚ್ಚಿ ನೋಡಿ. ಒಳಗೆ ಪುಶ್ ರಾಡ್ ಬಾಗಿರಬಹುದು, ಅಥವಾ ಜಾಗ ಬಿಟ್ಟು ಬಿದ್ದಿರಬಹುದು.

ಇಲ್ಲಿ ಹೇಳುತ್ತಿರುವುದು ಹೋಂಡಾ ಜಿಎಕ್ಸ್160 ಮತ್ತು ಅದೇ ನಮೂನೆಯ 163 ಸಿಸಿ ಎಂಜಿನ್‌ಗಳ ವಿಷಯ. ಸ್ಪ್ರೇಯರ್, ನೀರಿನ ಪಂಪು, ಕಳೆ ತೆಗೆಯುವ ಯಂತ್ರ, ಹೀಗೆ ಎಲ್ಲ ಕಡೆ ಇವು ಇರುತ್ತವೆ. ಇವುಗಳಲ್ಲಿ ತಿರುಗುವ ಉಬ್ಬು, ಅಂದರೆ ಕ್ಯಾಮ್, ಕೆಳಗಿರುತ್ತದೆ. ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಮೇಲಿರುತ್ತದೆ. ನಡುವೆ ಹೆಚ್ಚುಕಡಿಮೆ ಒಂದು ಪೆನ್ನಿನಷ್ಟು ಉದ್ದದ ಉಕ್ಕಿನ ಕಡ್ಡಿ. ಅದೇ ಪುಶ್ ರಾಡ್. ಅದು ಮೇಲೆ ಬಂದು ರಾಕರ್ ಆರ್ಮ್‌ನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದ ಹಾಗೆ ಇನ್ನೊಂದು ತುದಿ ಕೆಳಗೆ ಹೋಗಿ ವಾಲ್ವನ್ನು ಒತ್ತುತ್ತದೆ. ಎಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 30 ಸಲ ತೆರೆದು ಮುಚ್ಚುತ್ತದೆ.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯಿಡೀ ನಿಂತ ಎಂಜಿನ್ ಆದರೆ ಒಳ್ಳೆಯದು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತು ಪ್ಲಗ್ಗನ್ನೂ ತೆಗೆದಿಡಿ. ಮೊದಲು ಹೊರಗಡೆ ಚೆನ್ನಾಗಿ ಒರೆಸಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಎಂಜಿನ್ ಮೇಲೆ ಸುಣ್ಣದ ಪುಡಿ ಹಕ್ಕಳೆಗಟ್ಟಿರುತ್ತದೆ. ಅದು ಒಳಗೆ ಬಿದ್ದರೆ ಎಣ್ಣೆಯ ಜೊತೆ ಸೇರಿ ಉಜ್ಜುತ್ತದೆ.

ಸ್ಪ್ಯಾನರ್ ಸೆಟ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಸೆಟ್), ಹೊಸ ಪುಶ್ ರಾಡ್, ಹೊಸ ಕವರ್ ಪ್ಯಾಕಿಂಗ್. ಇಷ್ಟಿದ್ದರೆ ಸಾಕು. ಫೀಲರ್ ಗೇಜ್ ಇಲ್ಲದೆ ಬರೀ ಅಂದಾಜಿನ ಮೇಲೆ ಈ ಕೆಲಸ ಮಾಡಬೇಡಿ.

ಕವರಿನ ನಾಲ್ಕು ಬೋಲ್ಟ್ ಬಿಚ್ಚಿ. ಸ್ವಲ್ಪ ಎಣ್ಣೆ ಸುರಿಯುತ್ತದೆ, ಕೆಳಗೆ ಬಟ್ಟೆ ಹಾಸಿ. ಒಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ಹಗ್ಗವನ್ನು ನಿಧಾನಕ್ಕೆ ಎಳೆಯುತ್ತಾ ಎರಡೂ ರಾಕರ್‌ಗಳನ್ನು ಗಮನಿಸಿ. ಯಾವುದು ಅಲುಗಾಡುವುದಿಲ್ಲವೋ, ಅಥವಾ ಅರ್ಧಕ್ಕೇ ನಿಲ್ಲುತ್ತದೋ, ತೊಂದರೆ ಅಲ್ಲೇ. ಸೈಲೆನ್ಸರ್ ಕಡೆಯದು ಎಕ್ಸಾಸ್ಟ್, ಕಾರ್ಬ್ಯುರೇಟರ್ ಕಡೆಯದು ಇನ್‌ಲೆಟ್.

ಆ ರಾಕರ್‌ನ ಲಾಕ್ ನಟ್ ಸಡಿಲಿಸಿ, ನಟ್ಟು ಮತ್ತು ಪಿವಟ್ (ರಾಕರ್ ಆಡುವ ಆಸರೆ) ತೆಗೆದು ರಾಕರ್ ಹೊರಗಿಡಿ. ಎಕ್ಸಾಸ್ಟ್ ವಾಲ್ವಿನ ತಲೆಯ ಮೇಲೆ ಒಂದು ಚಿಕ್ಕ ಟೊಪ್ಪಿ ಇರುತ್ತದೆ. ರಾಕರ್ ತೆಗೆದ ಕೂಡಲೇ ಅದು ಜಾರಿ ಬೀಳುತ್ತದೆ. ಕೈ ಅಡ್ಡ ಹಿಡಿದು ಮೊದಲೇ ತೆಗೆದಿಡಿ. ಪುಶ್ ರಾಡನ್ನು ನೇರವಾಗಿ ಎಳೆಯದೆ ಸ್ವಲ್ಪ ತಿರುಗಿಸಿ ಬಿಡಿಸಿಕೊಳ್ಳಿ. ಕೆಳಗೆ ಎಣ್ಣೆಯ ಹಿಡಿತ ಇರುತ್ತದೆ.

ರಾಡನ್ನು ಕನ್ನಡಿಯ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಉರುಳಿಸಿ. ನೇರ ಇದ್ದರೆ ಒಂದೇ ಸಮನೆ ಉರುಳುತ್ತದೆ. ಬಾಗಿದ್ದರೆ ಕುಣಿಯುತ್ತದೆ. ಅಡಿಯಲ್ಲಿ ಬೆಳಕು ಕಂಡು ಮಾಯವಾಗುವುದು ಕಾಣುತ್ತದೆ. ಬಾಗಿದ್ದನ್ನು ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿ ಹಾಕುವವರಿದ್ದಾರೆ. ಅದು ಮತ್ತೆ ಅದೇ ಜಾಗದಲ್ಲಿ ಬಾಗುತ್ತದೆ. ರಾಕರ್‌ನ ಗುಂಡಿಯನ್ನೂ ವಾಲ್ವಿಗೆ ತಾಗುವ ಮುಖವನ್ನೂ ಉಗುರಿನಿಂದ ಕೆರೆದು ನೋಡಿ. ಗೀರಿನಲ್ಲಿ ಉಗುರು ಸಿಕ್ಕಿಕೊಂಡರೆ ರಾಕರ್ ಕೂಡ ಹೊಸದೇ ಬೇಕು.

ರಾಡ್ ಬಾಗಿದ್ದು ಯಾಕೆ?

ಇಲ್ಲಿ ಅವಸರ ಬೇಡ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಪುಶ್ ರಾಡ್ ಸುಮ್ನೆ ಬಾಗುವುದಿಲ್ಲ. ಹೆಚ್ಚಾಗಿ ವಾಲ್ವ್ ತನ್ನ ಗೈಡ್‌ನಲ್ಲಿ (ಕಾಂಡ ಜಾರುವ ಕೊಳವೆ) ಅಂಟಿಕೊಂಡಿರುತ್ತದೆ, ಕ್ಯಾಮ್ ಒತ್ತುತ್ತಲೇ ಇರುತ್ತದೆ, ಮಧ್ಯದಲ್ಲಿ ಸಿಕ್ಕಿದ ಸಪೂರ ಕಡ್ಡಿ ಬಾಗುತ್ತದೆ. ಔಷಧಿ ಹೊಡೆದು ಮುಗಿಸಿ, ಪೆಟ್ರೋಲ್ ಇದ್ದ ಹಾಗೇ ಎಂಜಿನ್ನನ್ನು ಎಂಟು ತಿಂಗಳು ಕೊಟ್ಟಿಗೆ ಮೂಲೆಯಲ್ಲಿ ಇಡುತ್ತೇವಲ್ವಾ? ಆ ಪೆಟ್ರೋಲ್ ಹಳಸಿ ಮೇಣದ ಹಾಗಾಗುತ್ತದೆ. ಇನ್‌ಲೆಟ್ ವಾಲ್ವಿನ ಕಾಂಡಕ್ಕೆ ಅದೇ ಅಂಟು. ಎಕ್ಸಾಸ್ಟ್ ಕಡೆ ಮಸಿ ಕಟ್ಟುತ್ತದೆ, ತೇವಕ್ಕೆ ತುಕ್ಕೂ ಹಿಡಿಯುತ್ತದೆ.

ನಮ್ಮ ಮನೆಯ ಸ್ಪ್ರೇಯರ್‌ನದು ಬೇರೆ ಕಂಪನಿಯ, ಇದೇ ನಮೂನೆಯ ಎಂಜಿನ್. ಮೊದಲ ಸಲ ರಾಡ್ ಬಾಗಿದಾಗ ಬರೀ ರಾಡ್ ಬದಲಿಸಿ ತೋಟಕ್ಕೆ ಒಯ್ದೆವು. ಒಂದು ಡ್ರಮ್ ಔಷಧಿ ಖಾಲಿಯಾಗುವ ಮೊದಲೇ ಹೊಸ ರಾಡೂ ಬಾಗಿತು. ಅಂದಿನಿಂದ ವಾಲ್ವ್ ನೋಡದೆ ರಾಡ್ ಹಾಕುವುದಿಲ್ಲ.

ನೋಡುವುದು ಹೀಗೆ. ಹಗ್ಗ ಎಳೆದು ಪಿಸ್ಟನ್ ಕೆಳಗೆ ಹೋಗುವಂತೆ ಮಾಡಿ. ಸುತ್ತಿಗೆಯ ಮರದ ಹಿಡಿಯನ್ನು ವಾಲ್ವ್ ಕಾಂಡದ ತುದಿಯ ಮೇಲಿಟ್ಟು ಒತ್ತಿ. ಕಾಂಡದ ತುದಿಯನ್ನೇ ಒತ್ತಬೇಕು. ಸುತ್ತಲಿನ ಸ್ಪ್ರಿಂಗ್ ಬಟ್ಟಲನ್ನು ಒತ್ತಿದರೆ ಅದು ಕಳಚಿಕೊಂಡು ವಾಲ್ವ್ ಒಳಗೆ ಬೀಳಬಹುದು. ಒತ್ತಿ ಬಿಟ್ಟಾಗ ಟಕ್ ಎಂದು ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ, ಅರ್ಧದಲ್ಲೇ ನಿಂತರೆ, ಅದೇ ಅಂಟು. ಕಾಂಡ ಗೈಡ್ ಸೇರುವ ಜಾಗಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು, ಹತ್ತು ನಿಮಿಷ ಕಾದು, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ. ಮೂರ್ನಾಲ್ಕು ಸಲ ಬೇಕಾಗಬಹುದು. ಸಲೀಸಾಗಿ ಆಡಲು ಶುರುವಾದ ಮೇಲೆ ಎರಡು ತೊಟ್ಟು ಎಂಜಿನ್ ಆಯಿಲ್ ಬಿಡಿ. ಏನು ಮಾಡಿದರೂ ಬಿಡದಿದ್ದರೆ ಹೆಡ್ ಬಿಚ್ಚಲೇಬೇಕು. ಆಗ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಜೋಡಿಸುವುದು, ಟ್ಯಾಪೆಟ್ (ವಾಲ್ವಿನ ಸಂದು) ಅಡ್ಜಸ್ಟ್ ಮಾಡುವುದು

ಹೊಸ ರಾಡಿನ ಎರಡೂ ತುದಿಗೆ ಎಣ್ಣೆ ಸವರಿ, ಗೈಡ್ ಪ್ಲೇಟಿನ ತೂತಿನಿಂದ ಇಳಿಸಿ. ಕೆಳಗೆ ಕ್ಯಾಮ್ ಮೇಲೆ ಕೂತ ಲಿಫ್ಟರ್‌ನಲ್ಲಿ ಒಂದು ಬಟ್ಟಲಿದೆ, ರಾಡ್ ಅದರ ನಡುವೆ ಕೂರಬೇಕು. ಅಂಚಿನ ಮೇಲೆ ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಜಾರುತ್ತದೆ. ರಾಡನ್ನು ಬೆರಳಲ್ಲಿ ಆಚೀಚೆ ಆಡಿಸಿ. ಸರಿಯಾಗಿ ಕೂತಿದ್ದರೆ ಕೆಳತುದಿ ಪಕ್ಕಕ್ಕೆ ಜರುಗುವುದಿಲ್ಲ. ಟೊಪ್ಪಿ ಮರೆಯದೆ ಹಾಕಿ, ರಾಕರ್, ಪಿವಟ್, ನಟ್ಟು ಸಡಿಲವಾಗಿ ಕೂರಿಸಿ.

ಈಗ ಪಿಸ್ಟನ್ ಕಂಪ್ರೆಷನ್‌ನಲ್ಲಿ ಟಾಪ್‌ಗೆ ಬರಬೇಕು. ಪ್ಲಗ್ ತೂತಿಗೆ ಬೆರಳು ಒತ್ತಿ ಹಿಡಿದು ಹಗ್ಗ ನಿಧಾನಕ್ಕೆ ಎಳೆಯಿರಿ. ಗಾಳಿ ಬೆರಳನ್ನು ದೂಡುವಾಗ ನಿಲ್ಲಿಸಿ, ತೂತಿಗೆ ಒಂದು ಪ್ಲಾಸ್ಟಿಕ್ ಸ್ಟ್ರಾ ಇಳಿಸಿ. ಸ್ಟ್ರಾ ಮೇಲೆದ್ದು ಇನ್ನೇನು ಇಳಿಯಬೇಕು ಅನ್ನುವಾಗ ಪಿಸ್ಟನ್ ಟಾಪ್‌ನಲ್ಲಿದೆ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ.

ಈ ನಮೂನೆಯ ಹೆಚ್ಚಿನ ಎಂಜಿನ್‌ಗಳಲ್ಲಿ ಇನ್‌ಲೆಟ್‌ಗೆ 0.15 ಮಿ.ಮೀ., ಎಕ್ಸಾಸ್ಟ್‌ಗೆ 0.20 ಮಿ.ಮೀ. ಸಂದು ಬೇಕು. ಕೆಲವು ಮಾದರಿಗಳಿಗೆ ಬೇರೆ ಇರುತ್ತದೆ, ನಿಮ್ಮ ಎಂಜಿನ್ನಿನ ಕೈಪಿಡಿ ನೋಡಿ. 0.02 ಆಚೀಚೆ ಆದರೆ ಪರವಾಗಿಲ್ಲ. ಎಕ್ಸಾಸ್ಟ್ ವಾಲ್ವ್ ಜಾಸ್ತಿ ಕಾಯುತ್ತದೆ, ಕಾದಾಗ ಉದ್ದವಾಗುತ್ತದೆ, ಅದಕ್ಕೇ ಅಲ್ಲಿ ಸಂದು ಜಾಸ್ತಿ. ಗೇಜಿನ ಎಲೆಯನ್ನು ರಾಕರ್ ಮತ್ತು ವಾಲ್ವಿನ ನಡುವೆ ಹಾಕಿ ಪಿವಟ್ ತಿರುಗಿಸುತ್ತಾ ಬನ್ನಿ. ದಪ್ಪ ಪುಸ್ತಕದ ನಡುವಿನಿಂದ ಹಾಳೆ ಎಳೆದ ಹಾಗೆ, ಸ್ವಲ್ಪ ಹಿಡಿದು ಬರಬೇಕು. ಪಿವಟ್ ಅಲುಗಾಡದಂತೆ ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ಇನ್ನೊಂದರಲ್ಲಿ ಲಾಕ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಸಂದು ಬದಲಾಗಿರುತ್ತದೆ. ಮತ್ತೆ ಗೇಜ್ ಹಾಕಿ ನೋಡಲೇಬೇಕು.

ಟಿಕ್ ಟಿಕ್ ಸದ್ದೇ ಬರಬಾರದು ಎಂದು ಕೆಲವರು ಸಂದನ್ನು ತೀರಾ ಬಿಗಿ ಮಾಡಿಸುತ್ತಾರೆ. ಸಣ್ಣ ಸದ್ದು ಇದ್ದರೆ ಇರಲಿ. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟು ಹೋಗುತ್ತದೆ.

ಕವರ್ ಹಾಕುವ ಮೊದಲು ಹಗ್ಗ ನಾಲ್ಕೈದು ಸಲ ನಿಧಾನಕ್ಕೆ ಎಳೆದು, ಎರಡೂ ರಾಡ್ ಜಾಗದಲ್ಲೇ ಇವೆಯಾ ನೋಡಿ. ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟ್‌ಗಳನ್ನು ಕರ್ಣಾಕಾರವಾಗಿ, ಹದವಾಗಿ ಬಿಗಿ ಮಾಡಿ. ಹೆಡ್ ಅಲ್ಯುಮಿನಿಯಂ. ಜೋರಾಗಿ ತಿರುಗಿಸಿದರೆ ಬೋಲ್ಟ್ ತೂತಿನ ಮರೆ (ಥ್ರೆಡ್) ಹೋಗುತ್ತದೆ. ಪ್ಲಗ್ಗು, ಅದರ ಕ್ಯಾಪ್ ವಾಪಸ್ ಹಾಕಿ. ಆಯಿಲ್ ಮಟ್ಟ ನೋಡಿ, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ. ಐದಾರು ಗಂಟೆ ಓಡಿಸಿದ ಮೇಲೆ, ಎಂಜಿನ್ ತಣ್ಣಗಾದಾಗ, ಸಂದನ್ನು ಇನ್ನೊಮ್ಮೆ ಅಳೆಯಿರಿ.

ಔಷಧಿ ಹೊಡೆಯುವ ಕೆಲಸ ಮುಗಿದ ಮೇಲೆ ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ. ಕೊನೆಗೆ ಹಗ್ಗವನ್ನು ಬಿಗಿ ಸಿಗುವವರೆಗೆ ಎಳೆದು ಅಲ್ಲೇ ಬಿಡಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಮಳೆಗಾಲದ ತೇವ ಒಳಗೆ ಇಳಿಯುವುದು ಕಡಿಮೆಯಾಗುತ್ತದೆ.