ಜ್ವರದ ಸಿರಪ್ ಎಷ್ಟು ಕೊಡಬೇಕು? ಮಗುವಿನ ತೂಕದಿಂದ ಲೆಕ್ಕ ಹಾಕಿ

ಮಗುವಿಗೆ ಜ್ವರ ಬಂದರೆ ನಾವೆಲ್ಲ ಮೊದಲು ಕೇಳುವುದು 'ಎಷ್ಟು ಎಂಎಲ್ ಕೊಡಲಿ?' ಎಂದು. ಕೈಯಲ್ಲಿರುವ ಬಾಟಲಿ ಯಾವುದೆಂದು ತಿಳಿಯದೆ ಇದಕ್ಕೆ ಯಾರೂ ಉತ್ತರ ಹೇಳಲಾರರು, ಹೇಳಲೂಬಾರದು. ಪ್ಯಾರಾಸಿಟಮಾಲ್ ಸಿರಪ್ಪನ್ನೇ ನೋಡಿ: ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ ಔಷಧವಿದ್ದರೆ, ಇನ್ನೊಂದರಲ್ಲಿ ಅದೇ 5 ಎಂಎಲ್‌ಗೆ 250 ಎಂಜಿ ಇರುತ್ತದೆ. ಆದ್ದರಿಂದ ಮೊದಲು ಎಂಜಿ ಲೆಕ್ಕ, ಆಮೇಲೆ ಎಂಎಲ್.

ಮೊದಲು ತೂಕ. ವಯಸ್ಸನ್ನು ನಂಬಬೇಡಿ, ಎರಡು ವರ್ಷದ ಒಂದು ಮಗು 9 ಕೆಜಿ ಇದ್ದರೆ ಇನ್ನೊಂದು 13 ಕೆಜಿ ಇರಬಹುದು. ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಬಂದದ್ದರಲ್ಲಿ ನಿಮ್ಮ ತೂಕ ಕಳೆಯಿರಿ. ಅಂಗನವಾಡಿಯಲ್ಲಿ ಇತ್ತೀಚೆಗೆ ತೂಗಿದ್ದರೆ ಅದೂ ಆದೀತು.

ಒಂದು ಸಲಕ್ಕೆ ಪ್ರತಿ ಕೆಜಿಗೆ 10ರಿಂದ 15 ಎಂಜಿ ಪ್ಯಾರಾಸಿಟಮಾಲ್ ಸಾಕು. 12 ಕೆಜಿಯ ಮಗುವಿಗೆ 120ರಿಂದ 180 ಎಂಜಿ ಎಂದಾಯಿತು.

ಈಗ ಲೇಬಲ್ ಓದಿ. ತಪ್ಪುಗಳು ನುಸುಳುವುದು ಇಲ್ಲೇ, ಅದಕ್ಕೇ ನಿಧಾನಿಸಿ. ಬೇಕಾದ ಎಂಜಿಯನ್ನು 5ರಿಂದ ಗುಣಿಸಿ, 5 ಎಂಎಲ್‌ನಲ್ಲಿರುವ ಎಂಜಿಯಿಂದ ಭಾಗಿಸಿ. 180 ಎಂಜಿ ಕೊಡಬೇಕು, ಬಾಟಲಿಯಲ್ಲಿ 5 ಎಂಎಲ್‌ಗೆ 250 ಎಂಜಿ ಇದೆ ಎನ್ನಿ: 180 × 5 ÷ 250 = 3.6 ಎಂಎಲ್. ಅದೇ 120ರ ಬಾಟಲಿಯಾದರೆ 7.5 ಎಂಎಲ್. ನನಗೆ ಹೆಚ್ಚು ಭಯ ಹುಟ್ಟಿಸುವುದು ಎಳೆಮಕ್ಕಳ ಡ್ರಾಪ್ಸ್. ಪುಟ್ಟ ಬಾಟಲಿ ಕಂಡು ಔಷಧವೂ ಮೃದು ಎಂದುಕೊಳ್ಳುತ್ತೇವೆ. ನಿಜದಲ್ಲಿ ಒಂದೇ ಎಂಎಲ್‌ನಲ್ಲಿ 100 ಎಂಜಿ, ಕೆಲವದರಲ್ಲಿ ಇನ್ನೂ ಹೆಚ್ಚು ಇರುತ್ತದೆ. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಎಂಎಲ್ ಕುಡಿಸಿದರೆ ಆ 12 ಕೆಜಿಯ ಮಗುವಿಗೆ 500 ಎಂಜಿ ಹೋಗುತ್ತದೆ, ಗರಿಷ್ಠ ಪ್ರಮಾಣದ ಎರಡೂವರೆ ಪಟ್ಟಿಗೂ ಹೆಚ್ಚು.

ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಥವಾ ಅದರ ಜೊತೆ ಬಂದ ಅಳತೆಯ ಮುಚ್ಚಳದಲ್ಲಿ ಅಳೆಯಿರಿ. ಅಡುಗೆಮನೆಯ ಚಮಚ ಬೇಡ, ಎರಡು ಮನೆಯ ಚಮಚ ಒಂದೇ ಅಳತೆ ಇರುವುದಿಲ್ಲ.

ಎರಡು ಡೋಸ್‌ಗಳ ನಡುವೆ ಕನಿಷ್ಠ 4ರಿಂದ 6 ಗಂಟೆ ಇರಲಿ, 24 ಗಂಟೆಯಲ್ಲಿ 4 ಸಲ ಮೀರಬಾರದು. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿಯೂ ಕೊಡುವುದುಂಟು. ಕೊಟ್ಟ ಗಂಟೆಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ನೆಗಡಿಯ ಸಿರಪ್ಪುಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರಬಹುದು, ಎರಡನ್ನೂ ಕೊಟ್ಟರೆ ಲೆಕ್ಕ ಕೆಡುತ್ತದೆ. ಡೆಂಗಿ ಅನುಮಾನವಿದ್ದರೆ ಐಬುಪ್ರೊಫೇನ್ ಇರುವ ಯಾವ ಸಿರಪ್ಪೂ ಬೇಡ, ರಕ್ತಸ್ರಾವದ ಅಪಾಯವಿದೆ. ಆಸ್ಪಿರಿನ್ ಅಂತೂ ವೈದ್ಯರು ಬರೆಯದೆ ಮಕ್ಕಳಿಗೆ ಕೊಡುವಂತೆಯೇ ಇಲ್ಲ.

ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಲೆಕ್ಕ ಹಾಕುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಯಕೃತ್ತಿನ ತೊಂದರೆ ಇರುವ, ತೀರಾ ಸೊರಗಿರುವ ಅಥವಾ ವಯಸ್ಸಿಗೆ ಮೀರಿ ದಪ್ಪಗಿರುವ ಮಕ್ಕಳಿಗೆ ಡೋಸನ್ನು ವೈದ್ಯರೇ ನಿರ್ಧರಿಸಲಿ.

ಹೆಚ್ಚು ಕುಡಿಸಿಬಿಟ್ಟೆವು ಎಂದು ಗೊತ್ತಾದರೆ, ಮಗು ಆಡುತ್ತಿದೆಯಲ್ಲ ಎಂದು ಸುಮ್ಮನಾಗದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಯಕೃತ್ತಿಗೆ ಹಾನಿಯಾಗುತ್ತಿದ್ದರೂ ಮೊದಲ ದಿನ ಲಕ್ಷಣಗಳು ಕಾಣದೇ ಇರಬಹುದು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಶುರು ಮಾಡಿದರೆ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ.