ಡಿಸೆಕ್ಷನ್ ಹಾಲಿನಲ್ಲಿ ಊದುಬತ್ತಿ ಹಚ್ಚಿದೆ

ಶಿವಮೊಗ್ಗ ಕಡೆಯ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ವಿದ್ಯಾರ್ಥಿಗಳು ಡಿಸೆಕ್ಷನ್ ಹಾಲಿನಲ್ಲಿ ಕೊಯ್ದು ಕಲಿಯಲೆಂದು ದಾನವಾಗಿ ಬಂದ ದೇಹ ಕೆಡದ ಹಾಗೆ ಎಂಬಾಮಿಂಗ್ ಮಾಡಿ, ಅಂದರೆ ಒಳಗೆ ರಾಸಾಯನಿಕ ದ್ರಾವಣ ತುಂಬಿ, ಕಾಪಾಡುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮೆಣಸಿನಪುಡಿ ಬಿದ್ದ ಹಾಗೆ ಉರಿಯುತ್ತಿತ್ತು. "ಫಾರ್ಮಾಲಿನ್ ಅಲ್ವಾ, ರೂಢಿಯಾಗುತ್ತೆ ಬಿಡಿ" ಅಂದರು ಹಳಬರು.

ರೂಢಿಯಾಗುವುದು ಮೂಗಿಗೆ ಮಾತ್ರ. ಆ ದ್ರಾವಣದಲ್ಲಿರುವ ಫಾರ್ಮಾಲಿನ್ ಅಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿದ ನೀರು. ಫಾರ್ಮಾಲ್ಡಿಹೈಡ್‌ನಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಮೆರಿಕದ ನಿಯಮದ ಪ್ರಕಾರ, 8 ಗಂಟೆ ದುಡಿಯುವವರು ಉಸಿರಾಡುವ ಗಾಳಿಯಲ್ಲಿ ಅದರ ಸರಾಸರಿ 0.75 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮುಕ್ಕಾಲು ಪಾಲು) ದಾಟಬಾರದು. ನಮ್ಮಲ್ಲಿ ಎಷ್ಟಿತ್ತೋ, ಅಳೆದವರೇ ಇರಲಿಲ್ಲ.

ಹಾಗಂತ ಫ್ಯಾನ್ ಇರಲಿಲ್ಲ ಅಂತಲ್ಲ. ನಾಲ್ಕು ಎಕ್ಸಾಸ್ಟ್ ಫ್ಯಾನ್ ಸೂರಿನ ಹತ್ತಿರ ಗಿರ್ರನೆ ತಿರುಗುತ್ತಿದ್ದವು. ಒಂದು ಭಾನುವಾರ ಟೇಬಲ್‌ಗಳೆಲ್ಲ ಖಾಲಿ ಇದ್ದವು. ಸ್ಪಿರಿಟ್, ಫಾರ್ಮಾಲಿನ್ ಕ್ಯಾನುಗಳನ್ನೆಲ್ಲ ಹೊರಗಿಟ್ಟು, ಒಂದು ಊದುಬತ್ತಿ ಹಚ್ಚಿ ಟೇಬಲ್ ಮಟ್ಟಕ್ಕೆ ಹಿಡಿದು ಬಗ್ಗಿದೆ. "ಏನ್ ಸಾರ್, ಪೂಜೆನಾ?" ಅಂತ ವಾಚ್‌ಮನ್ ಇಣುಕಿದ. ಹೊಗೆ ನೆಟ್ಟಗೆ ನನ್ನ ಮುಖಕ್ಕೆ ಬಂತು, ಆಮೇಲೆ ಫ್ಯಾನಿಗೆ ಹೋಯಿತು. ಅಂದರೆ ಬಗ್ಗಿ ಕೆಲಸ ಮಾಡುವ ಹುಡುಗರ ಮೂಗೇ ಆ ಗಾಳಿಗೆ ದಾರಿ. ಫಾರ್ಮಾಲ್ಡಿಹೈಡ್ ಗಾಳಿಗಿಂತ ಕೊಂಚ ಭಾರ ಬೇರೆ.

ಟೇಬಲ್‌ನಿಂದಲೇ ಗಾಳಿಯನ್ನು ಕೆಳಕ್ಕೆ ಎಳೆಯುವ ವ್ಯವಸ್ಥೆ ಎಲ್ಲಕ್ಕಿಂತ ಒಳ್ಳೆಯದು. ಅಷ್ಟು ದುಡ್ಡು ಇರಲಿಲ್ಲ. ಫ್ಯಾನ್‌ಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಳಿಸಿ, ಹೊರಗಿನಿಂದ ಕೊಳವೆ ಕಟ್ಟಿ ಮಾಡಿನ ಮೇಲಕ್ಕೆ ಬಿಟ್ಟೆವು. ಎದುರು ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ತೆರೆದೆವು. ಮತ್ತೆ ಊದುಬತ್ತಿ ಹಿಡಿದಾಗ ಹೊಗೆ ಬಾಗಿ ಟೇಬಲ್ ಕೆಳಗೆ ನುಸುಳಿತು. ಕಣ್ಣುರಿ ಪೂರ್ತಿ ಹೋಗಲಿಲ್ಲ, ಆದರೆ ತುಂಬಾ ಕಮ್ಮಿಯಾಯಿತು.

ಮಳೆಗಾಲದ ಕಥೆಯೇ ಬೇರೆ. ಜಡಿಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಕೋಲ್ಡ್ ಚೇಂಬರ್ 4 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ನೋಡಿದರೆ ಜನರೇಟರ್ ಲೈನ್ ಲೆಕ್ಚರ್ ಹಾಲಿನ ದೀಪಗಳಿಗಿತ್ತು, ಚೇಂಬರ್‌ಗಿರಲಿಲ್ಲ! ಅದನ್ನು ಬದಲಿಸಲು ನಾನು ಬರೆದ ಅರ್ಜಿಗಳನ್ನು ಸುಮ್ನೆ ಎಣಿಸಲು ಹೋಗುವುದಿಲ್ಲ. ಇನ್ನು ಬೂಷ್ಟು. ನಮ್ಮ ಥಂಡಿಗೆ ಅದು ಮೊದಲು ಕಾಣುವುದು ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ. ದ್ರಾವಣದಲ್ಲಿ ಬೂಷ್ಟು ತಡೆಯುವ ಫಿನಾಲ್ ಸರಿಯಾಗಿರಬೇಕು, ಮೇಲೆ ಹೊದಿಸಿದ ಬಟ್ಟೆ ಒಣಗಬಾರದು. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಒಂದೊಂದು ಬೆರಳೂ ನೋಡುತ್ತೇನೆ.

ಒಂದು ಜುಲೈನಲ್ಲಿ ತೀರ್ಥಹಳ್ಳಿ ಕಡೆಯಿಂದ ಅಜ್ಜರೊಬ್ಬರ ದೇಹ ಬಂತು. ಆಂಬುಲೆನ್ಸ್ ನಿಂತಿದ್ದು ಆಸ್ಪತ್ರೆಯ ಕಸದ ಹಳದಿ ಚೀಲಗಳ ಪಕ್ಕ. ಇದ್ದ ರ್‍ಯಾಂಪ್ ಅದೊಂದೇ. ಮಗಳು ಆ ಚೀಲಗಳನ್ನು ನೋಡಿ, "ಅಪ್ಪಯ್ಯನ್ನ ಇಲ್ಲೇ ಇಡ್ತೀರಾ?" ಅಂದರು. ನನ್ನ ಬಾಯಿಗೆ ಮಾತೇ ಬರಲಿಲ್ಲ.

ಈಗ ದೇಹ ಬರುವುದಕ್ಕೆ ಹಿಂದುಗಡೆ ಬೇರೆ ಬಾಗಿಲಿದೆ, ಟ್ರಾಲಿ ಸಲೀಸಾಗಿ ತಿರುಗುವಷ್ಟು ಅಗಲ. ಒಳಗೆ ಒಂದು ಬೆಂಚು, ಕುಡಿಯಲು ನೀರು, ತೊಯ್ದ ಕೊಡೆ ಇಡಲು ಒಂದು ಬಕೆಟ್ಟು.