ಜೇನು, ಕಾಚಂಪುಳಿ, ಕಾಫಿ ಪುಡಿ: ಪಾರ್ಸೆಲ್ ಕಟ್ಟುವ ಸರಿಯಾದ ಕ್ರಮ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಿಂದ ದೂರದ ಬಂಧುಗಳಿಗೆ ಹೊರಡುವ ಪಾರ್ಸೆಲ್‌ಗಳಲ್ಲಿ ಸಾಮಾನ್ಯವಾಗಿ ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು ಮತ್ತು ಕಾಚಂಪುಳಿ (ಕೊಡಗಿನ ಅಡುಗೆಗೆ ಬಳಸುವ ಕಪ್ಪು ಹುಳಿರಸ) ಇರುತ್ತವೆ. ಮೊದಲ ಮೂರು ತೇವದಿಂದ ಕೆಡುತ್ತವೆ. ಉಳಿದೆರಡು ಸೋರಿದರೆ ತಾವು ನಷ್ಟವಾಗುವುದಲ್ಲದೆ, ಅದೇ ಚೀಲದಲ್ಲಿರುವ ಬೇರೆಯವರ ಕಾಗದಪತ್ರಗಳನ್ನೂ ಹಾಳುಮಾಡುತ್ತವೆ. ಹೀಗಾಗಿ ಹೆಚ್ಚಿನ ಎಚ್ಚರ ಬೇಕಾಗುವುದು ದ್ರವಪದಾರ್ಥಗಳಿಗೆ.

ಬಾಟಲಿಯನ್ನು ಕಂಠದವರೆಗೆ ತುಂಬಬಾರದು. ಬಯಲುಸೀಮೆಯ ಬಿಸಿಲಿಗೆ ಜೇನು ಹಿಗ್ಗುತ್ತದೆ, ವಿಮಾನದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಒಳಗೆ ಸ್ವಲ್ಪ ಜಾಗವಿಲ್ಲದಿದ್ದರೆ ಮುಚ್ಚಳದ ಸಂದಿಯಿಂದ ಜಿನುಗುತ್ತದೆ. ಬಾಯಿಯನ್ನು ಒರೆಸಿ, ಮುಚ್ಚಳ ಬಿಗಿದು, ಅದರ ಸುತ್ತ ಟೇಪ್ ಸುತ್ತಿ, ರಾತ್ರಿಯಿಡೀ ತಲೆಕೆಳಗಾಗಿ ಇಟ್ಟು ನೋಡಿ. ಸೋರದಿದ್ದರೆ ಮಾತ್ರ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಡೆದರೂ ದ್ರವವನ್ನು ಹೀರಿಕೊಳ್ಳುವಷ್ಟು ಹತ್ತಿ ಅಥವಾ ಹಳೆಯ ಬಟ್ಟೆ ಸುತ್ತಿ, ಮತ್ತೊಂದು ಚೀಲಕ್ಕೆ ಹಾಕಿ. ಕಾಚಂಪುಳಿ ತೀವ್ರ ಹುಳಿಯಾದ್ದರಿಂದ ಅದಕ್ಕೆ ತಗಡಿನ ಮುಚ್ಚಳ ಬೇಡ. ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಬಾಟಲಿಯೇ ಲೇಸು.

ಆಗಷ್ಟೇ ಹುರಿದ ಕಾಫಿಯಿಂದ ಅನಿಲ ಹೊರಬರುವುದರಿಂದ ಗಾಳಿಯಾಡದ ಪೊಟ್ಟಣ ಉಬ್ಬಬಹುದು. ಒಂದೆರಡು ದಿನ ಬಿಟ್ಟು ಕಟ್ಟುವುದು ಒಳ್ಳೆಯದು.

ರಟ್ಟಿನ ಪೆಟ್ಟಿಗೆ ಗಟ್ಟಿಯಾಗಿ, ಒಣಗಿರಬೇಕು. ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯಲ್ಲಿ ಹಸಿ ಹಿಡಿದ ರಟ್ಟು ನೋಡಲು ಚೆನ್ನಾಗಿದ್ದರೂ ಮೇಲಿನ ಭಾರಕ್ಕೆ ಕುಸಿಯುತ್ತದೆ, ಆದ್ದರಿಂದ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಮರೆಯಬೇಡಿ. ಭಾರದ ವಸ್ತು ತಳದ ನಡುವೆ ಇರಲಿ. ಬಾಟಲಿ ಮತ್ತು ಪೆಟ್ಟಿಗೆಯ ಗೋಡೆಯ ನಡುವೆ ಎಲ್ಲ ಕಡೆ ಸುಮಾರು 5 ಸೆಂ.ಮೀ. ಮೆತ್ತೆ ಇರಲಿ. ಅಲುಗಾಡಿಸಿದಾಗ ಸದ್ದು ಬಂದರೆ ಇನ್ನಷ್ಟು ಕಾಗದ ತುರುಕಬೇಕು. ನಡುವಿನ ಸೀಳಿನ ಮೇಲಷ್ಟೇ ಅಲ್ಲ, ಎರಡು ಬದಿಯ ಅಂಚುಗಳ ಮೇಲೂ ಅಗಲದ ಕಂದು ಟೇಪ್ ಅಂಟಿಸಿ.

ಅಗತ್ಯಕ್ಕಿಂತ ದೊಡ್ಡ ಪೆಟ್ಟಿಗೆಯಿಂದ ಖರ್ಚು ಹೆಚ್ಚುತ್ತದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕೆ.ಜಿ. ತೂಕವೆಂದು ಹಿಡಿಯುವ ಲೆಕ್ಕವನ್ನು ಅನೇಕ ಕೊರಿಯರ್ ಸಂಸ್ಥೆಗಳು ಅನುಸರಿಸುತ್ತವೆ. ಮೂರೂ ಕಡೆ 30 ಸೆಂ.ಮೀ. ಇರುವ ಪೆಟ್ಟಿಗೆಯಲ್ಲಿ 2 ಕೆ.ಜಿ. ಕಾಫಿ ಪುಡಿ ಇಟ್ಟರೂ ಈ ಲೆಕ್ಕದಲ್ಲಿ 5.4 ಕೆ.ಜಿ.ಗೆ ಶುಲ್ಕ ಬೀಳುತ್ತದೆ.

ಪಟಾಕಿ, ಸ್ಪ್ರೇ ಡಬ್ಬಿ, ಬೆಂಕಿ ಹೊತ್ತಿಕೊಳ್ಳುವ ದ್ರವಗಳನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ. ಹಬ್ಬಕ್ಕೆಂದು ಮನೆಯಲ್ಲಿ ಮಾಡಿದ ವೈನ್ ಆಗಲಿ, ಕೋವಿಯ ತೋಟಾ ಆಗಲಿ ಪಾರ್ಸೆಲ್‌ನಲ್ಲಿ ಸೇರಲೇಬಾರದು. ಪವರ್ ಬ್ಯಾಂಕ್ ಇದ್ದರೆ ಕೌಂಟರಿನಲ್ಲಿ ಮೊದಲೇ ತಿಳಿಸಿ. ವಿದೇಶಕ್ಕಾದರೆ ಕಸ್ಟಮ್ಸ್ ಘೋಷಣೆ ಕಡ್ಡಾಯ. ಜೇನು, ಬೀಜಗಳ ವಿಷಯದಲ್ಲಿ ಹಲವು ದೇಶಗಳ ನಿಯಮ ಬಿಗಿಯಾಗಿರುವುದರಿಂದ ಅಲ್ಲಿನ ನಿಯಮವನ್ನು ಮೊದಲು ವಿಚಾರಿಸಬೇಕು, ಮೆತ್ತೆಗೆಂದು ಹುಲ್ಲು ಅಥವಾ ಕಾಫಿ ಹೊಟ್ಟನ್ನು ಬಳಸಬಾರದು.

ಹಳೆಯ ಚೀಟಿಗಳನ್ನು ಕಿತ್ತುಹಾಕಿ, ಪಡೆಯುವವರ ವಿಳಾಸ, ಆರಂಕಿಯ ಪಿನ್ ಕೋಡ್ ಮತ್ತು ಮೊಬೈಲ್ ಸಂಖ್ಯೆಯನ್ನು ನೀರಿಗೆ ಅಳಿಯದ ಶಾಯಿಯಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಹಚ್ಚಿ. ಅದೇ ವಿಳಾಸದ ಇನ್ನೊಂದು ಚೀಟಿಯನ್ನು ಪೆಟ್ಟಿಗೆಯ ಒಳಗೂ ಇಟ್ಟಿದ್ದರೆ, ಹೊರಗಿನದು ಹರಿದುಹೋದರೂ ಪಾರ್ಸೆಲ್ ಯಾರದೆಂದು ತಿಳಿಯುತ್ತದೆ.